ಅಕ್ಕ ಮಾಡಿದ ಕೆಡುಕೇನು?

ಮಂಗಳವಾರ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. "ನಿಮ್ಮ ಅಕ್ಕ ನಿಮಗೆ ಅಂಥದ್ದೇನು ಕೆಡುಕು ಮಾಡಿದರು?"

ಎಂ.ಎ. ಪ್ರಬಂಧದ ಕೃತಜ್ಞತೆಯ ಪುಟವದು. ಮೂರೇ ಸಾಲು. ನಾನು ಇಂಗ್ಲಿಷ್ ಓದುವುದಕ್ಕೆ ಅಕ್ಕನೇ ಕಾರಣ, ನನ್ನ ಏಳಿಗೆಗೂ ಅವಳೇ ಕಾರಣ ಎಂದು ಮನಸ್ಸು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಇಳಿಸಿದ್ದೆ. ಎರಡು ಕಡೆಯೂ ಕ್ರಿಯಾಪದ 'ಕಾಸ್'. ಷೋಕಾಸ್ ನೋಟಿಸಿನಲ್ಲಿರುವ ಅದೇ 'ಕಾಸ್'. ಅರ್ಥವಿಜ್ಞಾನ ಕಲಿಸುವ ನಮ್ಮ ಮೇಷ್ಟರು ಎರಡಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ, ತಲೆಯೆತ್ತಿ, ಆ ಪ್ರಶ್ನೆ ಕೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಷ್ಟರು ನಗಲಿಲ್ಲ. ಅವರು ಕಟುಮನಸ್ಸಿನವರಲ್ಲ, ಆದರೆ ಎದುರಿಗಿರುವವರ ಮುಖ ನೋಡಿ ಮಾತನಾಡುವವರೂ ಅಲ್ಲ. ಅವರ ಕಣ್ಣು ಪದದ ಮೇಲಿರುತ್ತದೆ.

ನಾನು ತಡವರಿಸುತ್ತಾ, "ಕೆಡುಕಲ್ಲ ಸರ್, ಒಳ್ಳೆಯದನ್ನೇ ಮಾಡಿದಳು" ಎಂದೆ.

"ಹಾಗಾದರೆ ಈ ಪದ ಯಾಕೆ ಬಂತು?"

ಯಾಕೆ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತು. ಅಕ್ಕ ಬರೆದುಕೊಟ್ಟ ಒಂದು ನೋಟ್‌ಪುಸ್ತಕ ನನ್ನ ಬಳಿ ಇದೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ, ನಡುವೆ ಸಮಚಿಹ್ನೆ. 'ಕಾಸ್' ಸಮ 'ಕಾರಣವಾಗು'. ಅವಳ ದುಂಡಗಿನ ಅಕ್ಷರದಲ್ಲಿ ಹಾಗೆಯೇ ಇದೆ. ನನ್ನ ಇಂಗ್ಲಿಷ್ ಶುರುವಾದದ್ದು ಆ ಪುಸ್ತಕದಿಂದ.

ಅಂದು ಸಂಜೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪಠ್ಯಕೋಶ, ಅಂದರೆ ಜನ ನಿಜವಾಗಿ ಬಳಸಿದ ಇಂಗ್ಲಿಷಿನ ದೊಡ್ಡ ಸಂಗ್ರಹ, ತೆರೆದು ಕುಳಿತೆ. ಹುಡುಕಿದ ಪದ ಪರದೆಯ ನಡುವೆ ಕಂಬದ ಹಾಗೆ ನಿಲ್ಲುತ್ತದೆ, ಅದನ್ನು ಬಳಸಿದ ವಾಕ್ಯಗಳು ಎಡಬಲಕ್ಕೆ ಚಾಚಿಕೊಳ್ಳುತ್ತವೆ. ಆ ಕಂಬದ ಬಲಗಡೆ ಏನೇನು ಬಂತು! ಹಾನಿ, ತೊಂದರೆ, ಸಾವು, ರೋಗ, ನೋವು, ವಿಳಂಬ, ಕ್ಯಾನ್ಸರ್. ಎರಡು ಪುಟ ಇಳಿದರೂ ಒಂದು ಶುಭ ಸಮಾಚಾರ ಸಿಗಲಿಲ್ಲ. ಆ ಸಾಲಿನಲ್ಲಿ ನನ್ನ ಅಕ್ಕನನ್ನು ನಿಲ್ಲಿಸಿದ್ದೆ ಎಂದು ಆಗ ಹೊಳೆಯಿತು. ಹೊಟ್ಟೆಯಲ್ಲಿ ಸಂಕಟವಾಯಿತು.

ಪದವನ್ನು ಅದರ ಒಡನಾಟದಿಂದ ಅರಿಯಬೇಕು ಎಂದು 1957ರಲ್ಲೇ ಭಾಷಾವಿಜ್ಞಾನಿ ಫರ್ತ್ ಹೇಳಿದ್ದರು. ಪರೀಕ್ಷೆಗೆಂದು ಆ ಮಾತನ್ನು ನಾನು ಬಾಯಿಪಾಠ ಮಾಡಿದ್ದೇನೆ, ಅಂಕವನ್ನೂ ಪಡೆದಿದ್ದೇನೆ. ಒಡನಾಟದ ಬಣ್ಣ ಪದಕ್ಕೇ ಅಂಟಿಕೊಳ್ಳುವುದನ್ನು ಇನ್ನೊಬ್ಬ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ಮತ್ತೆ ಮತ್ತೆ ತೋರಿಸಿಕೊಟ್ಟರು. ಅದೇ ಕ್ಷೇತ್ರದ ಮೈಕೆಲ್ ಸ್ಟಬ್ಸ್ 1995ರಲ್ಲಿ ಇದೇ 'ಕಾಸ್' ಪದವನ್ನು ಹಿಡಿದು ಅದರ ನೆರೆಹೊರೆ ಬಹುಪಾಲು ಕೆಡುಕಿನದೇ ಎಂದು ವಿವರಿಸಿದರು. ಸಿಂಕ್ಲೇರ್ ಮುಂದಾಳತ್ವದಲ್ಲಿ ಮೊದಲು 1987ರಲ್ಲಿ ಬಂದ ಕೋಬಿಲ್ಡ್ ಎಂಬ ಇಂಗ್ಲಿಷ್ ನಿಘಂಟನ್ನು ಈಗ ತೆರೆದರೆ, 'ಸಾಮಾನ್ಯವಾಗಿ ಕೆಟ್ಟದ್ದನ್ನು' ಎಂಬ ಮಾತು ಈ ಪದದ ವಿವರಣೆಯೊಳಗೇ ಇದೆ. ಇಷ್ಟೆಲ್ಲ ಓದಿಯೂ, ಸ್ವಂತ ಮಾತು ಬರೆಯುವಾಗ ನನ್ನ ಕೈ ಸಮಚಿಹ್ನೆಯ ಕಡೆಗೇ ಹೋಯಿತು.

ನನ್ನ ಪಕ್ಕದಲ್ಲಿ ಕೂರುವ ಸಹಪಾಠಿ 570 ಪದಕುಟುಂಬಗಳ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಇಂಗ್ಲಿಷ್ ಶೈಕ್ಷಣಿಕ ಪದಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದಕ್ಕೆ ಒಂದೇ ಸಮಾನಪದ ಬರೆದು ಉರುಹೊಡೆಯುತ್ತಾಳೆ. ಅವಳ ಶ್ರಮದ ಮೇಲೆ ನನಗೆ ಗೌರವವಿದೆ. ಆದರೆ ಆ ಪಟ್ಟಿಯಲ್ಲಿ ಪದಗಳು ಒಬ್ಬಂಟಿಗಳು. ಯಾರ ಜೊತೆ ಓಡಾಡುತ್ತವೆ, ಯಾರನ್ನು ಕಂಡರೆ ಮುಖ ತಿರುಗಿಸುತ್ತವೆ ಎಂಬ ಸುಳಿವೇ ಅಲ್ಲಿಲ್ಲ. ನಕ್ಕದ್ದು ಅವಳಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕನ್ನಡದಲ್ಲಿ ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಪ್ರಶಂಸೆಗೆ ಪಾತ್ರರಾಗುತ್ತಾರೆ, ಟೀಕೆಗೆ ಗುರಿಯಾಗುತ್ತಾರೆ, ಅವಮಾನಕ್ಕೆ ಈಡಾಗುತ್ತಾರೆ. ಅದಲುಬದಲು ಮಾಡಿದರೆ ಕಿವಿ ಒಪ್ಪುವುದಿಲ್ಲ. ದ್ರೋಹ ಎಸಗುತ್ತಾರೆ, ಅಪರಾಧ ಎಸಗುತ್ತಾರೆ. ಯಾರಾದರೂ 'ಅವರು ನನಗೆ ಉಪಕಾರ ಎಸಗಿದರು' ಎಂದು ಬರೆದಿದ್ದರೆ ನಾನೂ ಮೇಷ್ಟರ ಹಾಗೆ ಬೆಚ್ಚಿ ತಲೆಯೆತ್ತುತ್ತಿದ್ದೆ. ಹಳಗನ್ನಡದಲ್ಲಿ ಎಸಗು ಎಂದರೆ ಬರೀ ಮಾಡು. ನಡುವೆ ಅದು ಕೆಟ್ಟವರ ಸಹವಾಸಕ್ಕೆ ಬಿತ್ತು. 'ಕಾರಣ' ಮಾತ್ರ ಹಾಗೆ ಬೀಳಲಿಲ್ಲ. ಸಾವಿಗೂ ಕಾರಣ, ಸಂತೋಷಕ್ಕೂ ಕಾರಣ. ಎರಡು ಮನೆಗೂ ಒಂದೇ ಮುಖ ಹೊತ್ತು ಹೋಗಿಬರುತ್ತದೆ. ನಾನು ನಂಬಿದ್ದು ಆ ಪದವನ್ನು.

ಬುಧವಾರ ರಾತ್ರಿ ಪುಟ ತಿದ್ದಲು ಕುಳಿತಾಗ ಆ ಪ್ರಶ್ನೆ ಮತ್ತೆ ಬಂತು. ನಿಮ್ಮ ಅಕ್ಕ ನಿಮಗೆ ಅಂಥದ್ದೇನು ಕೆಡುಕು ಮಾಡಿದರು? ಈ ಸಲ ಅದು ತಿರುಗಿ ನಿಂತಿತ್ತು. ನಾನು ಕಾಲೇಜು ಸೇರಿದ ವರ್ಷವೇ ಅಕ್ಕ ಓದು ಬಿಟ್ಟಳು. ಇಬ್ಬರನ್ನೂ ಓದಿಸುವ ಶಕ್ತಿ ಮನೆಗಿರಲಿಲ್ಲ, ಯಾರು ಬಿಡಬೇಕೆಂದು ಚರ್ಚೆಯೂ ನಡೆಯಲಿಲ್ಲ. ಆ ನೋಟ್‌ಪುಸ್ತಕ ಅವಳು ತನಗೆಂದು ಶುರುಮಾಡಿದ್ದು. ಅವಳ ಓದು ನಿಂತದ್ದಕ್ಕೆ ನಾನು ಕಾರಣ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಆ ವಾಕ್ಯದಲ್ಲಿ 'ಕಾಸ್' ಎಲ್ಲೂ ಚುಚ್ಚಲಿಲ್ಲ. ಮೇಷ್ಟರ ಪೆನ್ಸಿಲ್ ಅದನ್ನು ಮುಟ್ಟುತ್ತಿರಲಿಲ್ಲ.

ಆ ಹಾಳೆಯನ್ನು ಹರಿದುಹಾಕಿದೆ.

ಬೇರೆ ಪದ ಹುಡುಕುತ್ತಾ 'ಓ' ಎಂಬ ಕ್ರಿಯಾಪದದ ಬಳಿ ಬಂದೆ. ಋಣಿಯಾಗಿರು, ಬಾಕಿಯಿರು ಎಂಬ ಅರ್ಥದ್ದು. ಪ್ರಾಚೀನ ಇಂಗ್ಲಿಷಿನಲ್ಲಿ ಅದಕ್ಕೆ 'ಹೊಂದಿರು' ಎಂಬ ಅರ್ಥವಿತ್ತು. 'ಸ್ವಂತ' ಎನ್ನುವ 'ಓನ್' ಅದರ ನೆಂಟ. ಕರ್ತವ್ಯವನ್ನು ಹೇಳುವ 'ಆಟ್' ಅದರದೇ ಹಳೆಯ ಭೂತಕಾಲದ ರೂಪ. ಇರುವುದು, ಕೊಡಬೇಕಾದದ್ದು, ಮಾಡಬೇಕಾದದ್ದು ಮೂರೂ ಒಂದೇ ಬೇರಿನಿಂದ ಬಂದವು. ಓದುತ್ತಾ ಕಣ್ಣು ತುಂಬಿತು. ಇದೇ ಪದ, ಇದೇ ಎಂದು ಬರೆದುಬಿಟ್ಟೆ.

ನಿನ್ನೆ ಅಕ್ಕನಿಗೆ ಫೋನಿನಲ್ಲಿ ಹಳೆಯದನ್ನೂ ಹೊಸದನ್ನೂ ಓದಿ, ಅರ್ಥ ಹೇಳಿದೆ.

"ನಾನು ನಿನಗೆ ಸಾಲ ಕೊಟ್ಟಿದ್ದೇನೆಯೇ?" ಎಂದಳು. "ಮೊದಲಿನದರಲ್ಲಿ ಏನು ತಪ್ಪಿತ್ತು?"

ಒಡನಾಟದ ಮಾತನ್ನೆಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಪುಸ್ತಕದಲ್ಲಿ ನಾನು ಬರೆದುಕೊಟ್ಟದ್ದು ತಪ್ಪೇ?" ಎಂದು ಕೇಳಿದಳು.

ತಪ್ಪಲ್ಲ ಎಂದೆ. ಬಹಳ ಬೇಗ ಹೇಳಿಬಿಟ್ಟೆ. ಅದು ಅವಳಿಗೆ ತಿಳಿಯಿತು ಎಂದು ನನಗನ್ನಿಸುತ್ತದೆ.

ಪ್ರಬಂಧ ಒಪ್ಪಿಸಲು ಸೋಮವಾರ ಕೊನೆಯ ದಿನ. ಕೃತಜ್ಞತೆಯ ಪುಟದಲ್ಲಿ ಸದ್ಯಕ್ಕೆ ಅವಳ ಹೆಸರೊಂದೇ ಇದೆ.