.405 ವಿಂಚೆಸ್ಟರ್ ತೋಟಾ ತುಂಬುವವರಿಗೆ: ಸೆಕೆಂಡಿಗೆ 2,200 ಅಡಿ ವೇಗಕ್ಕೆ ನಿಲ್ಲಿಸಿ

ಶಿಕಾರಿ ಕಥೆ ಓದಿ ಬೆಳೆದ ಕನ್ನಡಿಗರಿಗೆ .405 ವಿಂಚೆಸ್ಟರ್ ಹೆಸರು ಹೊಸದಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿ, ಚಿರತೆಗಳ ಹಿಂದೆ ಹೊತ್ತು ತಿರುಗಿದ ಕೋವಿ ಅದು. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಾಕ್ಕೆ ಒಯ್ದದ್ದೂ ಅದನ್ನೇ. ಅದರ ತೋಟಾ ಇವತ್ತಿಗೂ ಬದುಕಿದೆ. ಆದರೆ ಅಂಗಡಿಯಲ್ಲಿ ಸಿಗುವುದು ಅಪರೂಪ, ಸಿಕ್ಕರೆ ದುಬಾರಿ. ಹಾಗಾಗಿ ಈ ಕೋವಿ ಇಟ್ಟುಕೊಂಡವರು ಬಹುಮಟ್ಟಿಗೆ ಖಾಲಿ ಕೇಸಿಗೆ (ತೋಟಾದ ಹಿತ್ತಾಳೆ ಕವಚ) ಹೊಸ ಮದ್ದು, ಗುಂಡು ಹಾಕಿ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ.

ಕಾನೂನಿನ ಮಾತು ಮೊದಲೇ ಮುಗಿಸುತ್ತೇನೆ. ಭಾರತದಲ್ಲಿ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ; ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೋವಿ ಲೈಸೆನ್ಸ್ ಬೇರೆ, ಕೊಡವರಿಗಿರುವ ವಿನಾಯಿತಿ ಬೇರೆ. ಎರಡೂ ತೋಟಾ ತಯಾರಿಕೆಗೆ ಅನುಮತಿಯಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಈ ಬರಹ ಅಂಥ ಕಡೆ ಇರುವವರಿಗೆ.

ವಿಂಚೆಸ್ಟರ್ ಕಂಪನಿ 1904ರಲ್ಲಿ ಈ ತೋಟಾವನ್ನು ತನ್ನ ಮಾಡೆಲ್ 1895 ಲಿವರ್ ಕೋವಿಗಾಗಿ (ಕೆಳಗಿನ ಲಿವರ್ ಆಡಿಸಿ ತೋಟಾ ಏರಿಸುವ ಕೋವಿ) ತಂದಿತು. 300 ಗ್ರೇನ್, ಅಂದರೆ 19.4 ಗ್ರಾಂ ತೂಕದ ಗುಂಡು. ನಳಿಗೆಯ ಬಾಯಲ್ಲಿ ಸೆಕೆಂಡಿಗೆ 2,200 ಅಡಿ ವೇಗ. ಶಕ್ತಿ ಸುಮಾರು 4,370 ಜೂಲ್. ಕೇಸು ಹೆಚ್ಚುಕಡಿಮೆ ನೇರ ಕೊಳವೆ, ಸ್ವಲ್ಪವೇ ಇಳಿಜಾರು, ಬಾಯಿಯ ಬಳಿ ಥಟ್ಟನೆ ಕಿರಿದಾಗುವ ಭುಜವಿಲ್ಲ, ಬುಡದಲ್ಲಿ ಅಂಚು. ಆ ಅಂಚೇ ತೋಟಾವನ್ನು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ, ಹಿಡಿದು ನಿಲ್ಲಿಸುತ್ತದೆ.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ನೂರು ವರ್ಷ ಹಳೆಯ ತೋಟಾ, ಈಗಿನ ಮದ್ದು ಹಾಕಿದರೆ 2,400 ಅಡಿ ಸಲೀಸಾಗಿ ಬರಬಹುದಲ್ಲ ಎಂಬ ಯೋಚನೆ. ಬೇಡ. ಮಾಡೆಲ್ 1895ರಲ್ಲಿ ಬೋಲ್ಟ್‌ಗೆ (ತೋಟಾದ ಹಿಂದೆ ಮುಚ್ಚಿಕೊಳ್ಳುವ ಅಗುಳಿ) ಬೀಗ ಬೀಳುವುದು ಹಿಂಭಾಗದಲ್ಲಿ. ಈಡು ಹಾರುವ ಕ್ಷಣದಲ್ಲಿ ಬೋಲ್ಟ್ ಒಂಚೂರು ಅಮುಕಿಕೊಳ್ಳುತ್ತದೆ, ರಿಸೀವರ್ (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟು) ಒಂಚೂರು ಹಿಗ್ಗುತ್ತದೆ. ಕೇಸಿನ ಮುಂಭಾಗ ಒತ್ತಡಕ್ಕೆ ಚೇಂಬರಿನ ಗೋಡೆಗೆ ಕಚ್ಚಿಕೊಂಡಿರುತ್ತದೆ, ಬುಡ ಮಾತ್ರ ಹಿಂದಕ್ಕೆ ಜಾರುತ್ತದೆ. ನಡುವಿನ ಹಿತ್ತಾಳೆ ಎಳೆದುಕೊಂಡು ತೆಳುವಾಗುತ್ತದೆ. ನಾಲ್ಕೈದು ಬಾರಿ ಹೀಗಾದ ಮೇಲೆ ಒಂದು ದಿನ ಬುಡ ಕಿತ್ತು ಬರುತ್ತದೆ, ಉಳಿದ ಕೊಳವೆ ಚೇಂಬರಿನಲ್ಲೇ ಉಳಿಯುತ್ತದೆ. ಹೆಚ್ಚಿನ ವೇಗದ ಬೆಲೆ ಹೀಗೆ ಕೇಸಿನ ಮೇಲೆ ಬೀಳುತ್ತದೆ. ಅದರಿಂದ ಪ್ರಾಣಿಯ ಮೇಲೆ ಆಗುವ ಲಾಭವೂ ಅಷ್ಟಕ್ಕಷ್ಟೇ: .411 ಇಂಚು ವ್ಯಾಸಕ್ಕೆ 300 ಗ್ರೇನ್ ಗುಂಡಿನ ಸೆಕ್ಷನಲ್ ಡೆನ್ಸಿಟಿ (ವ್ಯಾಸದ ವರ್ಗಕ್ಕೆ ಹೋಲಿಸಿದ ತೂಕ) 0.254. ಅಷ್ಟೇ ತೂಕದ .375 ಗುಂಡಿನದು 0.305. ದಪ್ಪ ಚರ್ಮದ ಕಾಟಿ, ಕಾಡೆಮ್ಮೆಗಳಲ್ಲಿ ಆಳಕ್ಕೆ ಇಳಿಯದಿರಲು ಕಾರಣ ಈ ಗಿಡ್ಡ ಗುಂಡು. 200 ಅಡಿ ವೇಗ ಸೇರಿಸಿದ ಮಾತ್ರಕ್ಕೆ ಅದು ಉದ್ದವಾಗುವುದಿಲ್ಲ. ರೂಗರ್ ನಂ. 1 ಸಿಂಗಲ್ ಶಾಟ್ ಕೋವಿಯ ಗಟ್ಟಿತನವೇ ಬೇರೆ. ಅದಕ್ಕೆಂದು ಯಾರೋ ಕೊಟ್ಟ ಅಳತೆಯನ್ನು 1895ಕ್ಕೆ ತರಬೇಡಿ.

ಈಗ ಕೆಲಸಕ್ಕೆ. ಕೇಸುಗಳನ್ನು ಹಾರ್ನಡಿ ಕಂಪನಿಯವರು ಮಾಡುತ್ತಾರೆ. ಒಂದೇ ಲಾಟಿನ ಕೇಸುಗಳನ್ನು ಒಟ್ಟಿಗಿಟ್ಟು, ಎಷ್ಟು ಸಲ ತುಂಬಿದ್ದೀರಿ ಎಂದು ಡಬ್ಬಿಯ ಮೇಲೆ ಬರೆದುಕೊಳ್ಳಿ. ಅಜ್ಜನ ಕಾಲದ ತೋಟಾ ಸಿಕ್ಕರೆ ಸಂಗ್ರಹಕ್ಕಿಡಿ. ಹಳೆಯ ಪ್ರೈಮರ್‌ಗಳಲ್ಲಿದ್ದ (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಪಾದರಸ ಹಿತ್ತಾಳೆಯನ್ನು ಪೆಡಸಾಗಿಸುತ್ತದೆ. ಅಂಥ ಕೇಸನ್ನು ಮತ್ತೆ ತುಂಬುವಂತಿಲ್ಲ.

ಪ್ರತಿ ಸಲವೂ ಮೊದಲ ಪರೀಕ್ಷೆ ಕೇಸಿನ ಬುಡದ್ದು. ತೆಳ್ಳನೆಯ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಮೊನೆ ಚೂಪು ಮಾಡಿಕೊಳ್ಳಿ. ಒಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೋಡೆ ಸವರುತ್ತ ಎಳೆಯಿರಿ. ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ತಂತಿ ಹಳ್ಳಕ್ಕೆ ಬಿದ್ದಂತೆ ಸಿಕ್ಕಿದರೆ ಆ ಕೇಸಿನ ಆಯಸ್ಸು ಮುಗಿಯಿತು. ಹೊರಗಡೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೂ ಅಷ್ಟೇ. ಎಸೆಯುವ ಮೊದಲು ಬಾಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಅದು ಮತ್ತೆ ಮೇಜಿಗೆ ಬಂದೇ ಬರುತ್ತದೆ.

ಕೇಸನ್ನು ಒತ್ತಿ ರೂಪಿಸುವ ಅಚ್ಚುಗಳು, ಅಂದರೆ ಡೈಗಳು, ಮೂರು: ಕೇಸನ್ನು ಕುಗ್ಗಿಸಲು ಒಂದು, ಬಾಯಿ ಅರಳಿಸಲು ಒಂದು, ಗುಂಡು ಕೂರಿಸಲು ಒಂದು. ಸ್ಟೀಲ್ ಡೈ ಆದ್ದರಿಂದ ಕೇಸಿಗೆ ಎಣ್ಣೆ ಬೇಕೇಬೇಕು. ಒಣಗಿದ್ದರೆ ಡೈಯೊಳಗೆ ಸಿಕ್ಕಿಕೊಂಡು ಅಂಚು ಹರಿಯುತ್ತದೆ. ಗುರಿ ಅಭ್ಯಾಸಕ್ಕಾದರೆ, ಅದೇ ಕೋವಿಯಲ್ಲಿ ಹೊಡೆದ ಕೇಸನ್ನು ಗುಂಡು ಕೂರುವ ಮುಕ್ಕಾಲು ಇಂಚಿನಷ್ಟು ಮಾತ್ರ ಕುಗ್ಗಿಸಿದರೆ ಸಾಕು, ಹಿತ್ತಾಳೆ ಹೆಚ್ಚು ದಿನ ಬಾಳುತ್ತದೆ. ಬೇಟೆಗೆ ಒಯ್ಯುವ ತೋಟಾದ ಕೇಸನ್ನು ಪೂರ್ತಿ ಕುಗ್ಗಿಸಿ. ಬೋಲ್ಟ್ ಆಕ್ಷನ್ನಿನಂತೆ ಬಿಗಿ ತೋಟಾವನ್ನು ಒತ್ತಿ ಕೂರಿಸುವ ಬಲ ಲಿವರ್‌ಗೆ ಇಲ್ಲ.

ಕೇಸಿನ ಉದ್ದ ಹೆಚ್ಚೆಂದರೆ 2.583 ಇಂಚು, ಕತ್ತರಿಸುವಾಗ 2.573ಕ್ಕೆ ತನ್ನಿ. ಈ ಸಂಖ್ಯೆಗಿಂತ ಮುಖ್ಯವಾದದ್ದು ಎಲ್ಲ ಕೇಸೂ ಒಂದೇ ಉದ್ದ ಇರುವುದು. ಯಾಕೆಂದರೆ ಮುಂದೆ ಬರುವ ಕ್ರಿಂಪ್ (ಕೇಸಿನ ಬಾಯನ್ನು ಗುಂಡಿನ ಮೇಲೆ ಮಡಚುವುದು) ಕೇಸಿನ ಉದ್ದಕ್ಕೆ ತಕ್ಕಂತೆ ಬೀಳುತ್ತದೆ. ಒಂದು ಉದ್ದ, ಒಂದು ಗಿಡ್ಡ ಆದರೆ ಒಂದರ ಬಾಯಿ ಗುಂಡನ್ನು ಕಚ್ಚಿ ಉಬ್ಬಿಕೊಳ್ಳುತ್ತದೆ, ಇನ್ನೊಂದು ಮುಟ್ಟುವುದೇ ಇಲ್ಲ.

ಬಾಯಿ ಅರಳಿಸುವಾಗ ಗುಂಡಿನ ತಳ ಬೆರಳಲ್ಲಿ ಒತ್ತಿದರೆ ನಿಲ್ಲುವಷ್ಟು ಸಾಕು. ಜಾಸ್ತಿ ಅರಳಿಸಿ ಮತ್ತೆ ಮಡಚಿದರೆ ಹಿತ್ತಾಳೆ ಸೀಳುತ್ತದೆ. ನಾಲ್ಕೈದು ಸಲ ತುಂಬಿದ ಮೇಲೆ ಬಾಯನ್ನು ಬೆಂಕಿಯಲ್ಲಿ ಹದ ಮಾಡಬೇಕು. ಕೇಸಿನ ಕೆಳಭಾಗ ನೀರಿನಲ್ಲಿ ನಿಂತಿರಲಿ, ಜ್ವಾಲೆ ಬಾಯಿಗೆ ಮಾತ್ರ ತಾಗಲಿ. ಬುಡಕ್ಕೆ ಶಾಖ ತಾಗಿ ಅದು ಮೆತ್ತಗಾದರೆ ಆ ಕೇಸನ್ನು ಬಳಸುವುದು ಅಪಾಯ. ಹಾಗಾಯಿತೇನೋ ಎಂಬ ಅನುಮಾನ ಬಂದರೂ ಎಸೆಯಿರಿ.

ಪ್ರೈಮರ್ ಸಾಮಾನ್ಯ ಲಾರ್ಜ್ ರೈಫಲ್ ಸಾಕು, ಮ್ಯಾಗ್ನಮ್ ಬೇಡ. ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರಬೇಕು. ಹೊರಗೆ ಚಾಚಿಕೊಂಡಿದ್ದರೆ ಪಿನ್ನಿನ ಹೊಡೆತದ ಬಲವೆಲ್ಲ ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿದು ಈಡು ಹಾರದೆ ಹೋಗಬಹುದು, ಅಥವಾ ಬೋಲ್ಟ್ ಮುಚ್ಚುವ ರಭಸಕ್ಕೇ ಹಾರಿಬಿಡಬಹುದು. ಹತ್ತು ಕೇಸಿಗೊಮ್ಮೆ ಬೆರಳಾಡಿಸಿ ನೋಡುವುದಲ್ಲ, ಪ್ರತಿಯೊಂದಕ್ಕೂ ನೋಡಿ.

ಮದ್ದಿನ ವಿಷಯದಲ್ಲಿ ಎಷ್ಟು ಗ್ರೇನ್ ಎಂದು ನಾನು ಬರೆಯುವುದಿಲ್ಲ, ಬರೆದವರನ್ನು ನಂಬಲೂ ಬೇಡಿ. ನಿಮ್ಮ ಗುಂಡು ಮತ್ತು ಮದ್ದು ತಯಾರಿಸಿದ ಕಂಪನಿಯ ಈಚಿನ ಕೈಪಿಡಿಯನ್ನು ನೋಡಿ. ಅದರ ಆರಂಭದ ಅಳತೆಯಿಂದಲೇ ಶುರು ಮಾಡಿ, ಅರ್ಧ ಅರ್ಧ ಗ್ರೇನ್ ಏರಿಸಿ. ನೇರ ಕೇಸಿಗೆ ಮಧ್ಯಮ ವೇಗದಲ್ಲಿ ಉರಿಯುವ ಮದ್ದು ಬೇಕು: ಐಎಂಆರ್ 3031, ಐಎಂಆರ್ 4895, ಎಚ್4895, ಐಎಂಆರ್ 4064 ಈ ವರ್ಗದವು. ಇವುಗಳಲ್ಲಿ ನನ್ನ ಮತ ಎಚ್4895ಕ್ಕೆ. ಬಿಸಿಲು ಚಳಿಗೆ ಅದರ ವೇಗ ಹೆಚ್ಚು ಏರುಪೇರಾಗುವುದಿಲ್ಲ. ಇನ್ನೊಂದು ಅನುಕೂಲವೂ ಇದೆ: ಕೈಪಿಡಿಯ ಗರಿಷ್ಠ ಅಳತೆಯ ಶೇ. 60ರವರೆಗೆ ಇದನ್ನು ಇಳಿಸಬಹುದು ಎಂದು ಅದನ್ನು ಮಾರುವ ಹಾಜ್ಡನ್ ಕಂಪನಿಯವರೇ ಹೇಳುತ್ತಾರೆ. ಒದೆತ ಕಡಿಮೆ ಇರುವ ಅಭ್ಯಾಸದ ತೋಟಾಕ್ಕೆ ಇದೇ ದಾರಿ. ಬೇರೆ ಮದ್ದನ್ನು ಹೀಗೆ ಕಡಿಮೆ ಮಾಡಲು ಹೋಗಬೇಡಿ. ಪೂರ್ಣ ಅಳತೆಯ ಮದ್ದು ಕೇಸನ್ನು ಬಹುಪಾಲು ತುಂಬುವುದರಿಂದ ಎರಡು ಸಲ ಸುರಿದರೆ ಉಕ್ಕಿ ಗೊತ್ತಾಗುತ್ತದೆ. ಕಡಿಮೆ ಅಳತೆಯಲ್ಲಿ ಆ ರಕ್ಷಣೆ ಸಡಿಲ. ಗುಂಡು ಕೂರಿಸುವ ಮುಂಚೆ ಎಲ್ಲ ಕೇಸುಗಳನ್ನೂ ಸಾಲಾಗಿಟ್ಟು, ಟಾರ್ಚ್ ಹಿಡಿದು, ಒಳಗೆ ಮದ್ದಿನ ಮಟ್ಟ ಒಂದೇ ಇದೆಯೇ ನೋಡಿ.

ಗುಂಡಿನ ವ್ಯಾಸ .411 ಇಂಚು. .416 ಬೇರೆ, .41 ಮ್ಯಾಗ್ನಮ್ ಪಿಸ್ತೂಲಿನ .410 ಬೇರೆ. ಹಳೆಯ ಕೋವಿಗಳ ನಳಿಗೆ ಸ್ವಲ್ಪ ಅಗಲವಾಗಿರುವುದುಂಟು. ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯಲ್ಲಿ ತಳ್ಳಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆದರೆ ಸಂಶಯ ತೀರುತ್ತದೆ. ಈ ಕೋವಿಯ ಮ್ಯಾಗಜಿನ್ ಪೆಟ್ಟಿಗೆಯಂತಿದ್ದು ತೋಟಾಗಳು ಒಂದರ ಮೇಲೊಂದು ಕೂರುವುದರಿಂದ ಚೂಪು ಮೂತಿಯ ಗುಂಡೂ ನಡೆಯುತ್ತದೆ; ನಳಿಗೆಯಡಿ ಕೊಳವೆ ಮ್ಯಾಗಜಿನ್ ಇರುವ ಲಿವರ್ ಕೋವಿಗಳಿಗೆ ಈ ಸ್ವಾತಂತ್ರ್ಯವಿಲ್ಲ.

ಗುಂಡು ಕೂರಿಸಿದ ಮೇಲೆ ಒಟ್ಟು ಉದ್ದ 3.175 ಇಂಚು ಮೀರಬಾರದು, ಮೀರಿದರೆ ಮ್ಯಾಗಜಿನ್‌ಗೆ ಹಿಡಿಸುವುದಿಲ್ಲ. ಮತ್ತೆ ಕ್ರಿಂಪ್. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೇ. ಕೋವಿ ಹಿಂದಕ್ಕೆ ಒದ್ದಾಗ ಮ್ಯಾಗಜಿನ್ ಒಳಗಿನ ತೋಟಾಗಳ ಮೂತಿಗೆ ಮುಂದಿನ ಗೋಡೆ ಬಂದು ಬಡಿಯುತ್ತದೆ. ಹಿಡಿತ ಸಡಿಲವಿದ್ದರೆ ಗುಂಡು ಕೇಸಿನೊಳಕ್ಕೆ ಜಾರುತ್ತದೆ, ಮದ್ದಿಗಿದ್ದ ಜಾಗ ಕಿರಿದಾಗಿ ಮುಂದಿನ ಈಡಿನ ಒತ್ತಡ ಏರುತ್ತದೆ.  ಅದಕ್ಕೇ ಕೇಸಿನ ಬಾಯಿ ಗುಂಡಿನ ಮೇಲಿನ ಗೀರುಪಟ್ಟಿಯೊಳಕ್ಕೆ ಸುತ್ತಲೂ ಮಡಚಿರಬೇಕು. ಗುಂಡು ಕೂರಿಸುವುದನ್ನೂ ಕ್ರಿಂಪನ್ನೂ ಒಂದೇ ಒತ್ತಿನಲ್ಲಿ ಮಾಡಲು ಡೈ ಬಿಡುತ್ತದೆ, ನೀವು ಮಾಡಬೇಡಿ. ಮೊದಲು ಎಲ್ಲ ಗುಂಡು ಕೂರಿಸಿ, ಡೈ ಹೊಂದಿಸಿಕೊಂಡು ಆಮೇಲೆ ಎಲ್ಲಕ್ಕೂ ಕ್ರಿಂಪ್ ಹಾಕಿ. ಅತಿಯಾದರೆ ಬಾಯಿಯ ಕೆಳಗೆ ಕೇಸು ಉಬ್ಬಿ ಚೇಂಬರಿಗೆ ಹೋಗುವುದಿಲ್ಲ. ಸರಿಯಾಗಿದೆಯೇ ಎಂದು ತಿಳಿಯಲು ಮದ್ದೂ ಪ್ರೈಮರೂ ಇಲ್ಲದ ಒಂದು ತೋಟಾ ಮಾಡಿ, ಮೂತಿಯನ್ನು ಮರದ ಹಲಗೆಗೆ ಬಲವಾಗಿ ಒತ್ತಿ, ಉದ್ದವನ್ನು ಮತ್ತೆ ಅಳೆಯಿರಿ.

ವೇಗವನ್ನು ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ, ಇಟ್ಟೇ ನೋಡಬೇಕು. ಪ್ರೈಮರ್ ಚಪ್ಪಟೆಯಾಯಿತೇ ಎಂದು ನೋಡುತ್ತ ಕೂತರೆ ಈ ಕೋವಿಯಲ್ಲಿ ತಡವಾಗಿಬಿಡುತ್ತದೆ. ಅದಕ್ಕೂ ಮುಂಚೆ ಲಿವರ್ ಬಿಗಿಯಾಗುತ್ತದೆ, ಕೇಸು ಹಿಗ್ಗಲು ಶುರುವಾಗಿರುತ್ತದೆ. 24 ಇಂಚಿನ ನಳಿಗೆಯಲ್ಲಿ 2,200 ಬಂತೋ, ಅಳತೆ ಬರೆದಿಟ್ಟು ಅಲ್ಲಿಗೆ ನಿಲ್ಲಿಸಿ. ಕೈಪಿಡಿಯ ಗರಿಷ್ಠ ತಲುಪಿದರೂ 2,150ರಲ್ಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಒದೆತದ ಬಗ್ಗೆ ಬಾಯಿಮಾತಿಗಿಂತ ಲೆಕ್ಕ ವಾಸಿ. 3.7 ಕಿಲೋ ಕೋವಿಯಲ್ಲಿ ಪೂರ್ಣ ಈಡಿನ ಒದೆತ ಸುಮಾರು 40 ಜೂಲ್; ಅಷ್ಟೇ ತೂಕದ .30-06 ಕೋವಿಯಲ್ಲಿ 27ರ ಆಸುಪಾಸು. ಇದರ ಮೇಲೆ ಹಳೆಯ ಮಾದರಿಯಲ್ಲಿ ಕುಡುಗೋಲಿನಂತೆ ಬಾಗಿದ ಉಕ್ಕಿನ ಬಟ್‌ಪ್ಲೇಟ್ (ಭುಜಕ್ಕೆ ಒರಗುವ ಹಿಂತುದಿಯ ತಟ್ಟೆ). ಅದನ್ನು ಈಗಿನ ಕೋವಿಯಂತೆ ಎದೆಯ ಕಡೆಗೆ ಇಟ್ಟರೆ ಕೊಂಬಿನ ತುದಿ ಕೊರಳೆಲುಬಿಗೆ ನಾಟುತ್ತದೆ. ಅದು ಕೂರಬೇಕಾದದ್ದು ಭುಜ ಮತ್ತು ತೋಳು ಸೇರುವಲ್ಲಿ, ಮೊಣಕೈ ಮೇಲೆತ್ತಿ. ಹೆಬ್ಬೆರಳನ್ನು ಹಿಡಿಯ ಮೇಲೆ ಅಡ್ಡ ಹಾಕದೆ ಬಲಪಕ್ಕದಲ್ಲೇ ಇಟ್ಟರೆ ಮೂಗಿಗೆ ಪೆಟ್ಟಿಲ್ಲ. ಬೆಂಚಿಗೆ ಬಗ್ಗಿ ಕೂತು ಹೊಡೆದರೆ ಇಡೀ ಒದೆತವನ್ನು ಮೈ ನುಂಗಬೇಕಾಗುತ್ತದೆ. ಗುರಿ ಹೊಂದಿಸಲು ಬೆಂಚು ಬೇಕೇ ಬೇಕು ಎಂದರೆ ಮರಳಿನ ಚೀಲ ಎತ್ತರಕ್ಕಿಟ್ಟು ನೆಟ್ಟಗೆ ಕೂತು ಹೊಡೆಯಿರಿ. ಉಳಿದ ಅಭ್ಯಾಸವೆಲ್ಲ ನಿಂತುಕೊಂಡೇ ಆಗಲಿ. ಕಣ್ಣು ಮುಚ್ಚಿ ಟ್ರಿಗರ್ ಕೀಳುವ ಚಾಳಿ ಶುರುವಾಗುವುದಕ್ಕೆ ಮುಂಚೆ ಕೋವಿ ಕೆಳಗಿಡಿ.

100 ಗಜಕ್ಕೆ ಗುರಿ ಕಟ್ಟಿದರೆ 200 ಗಜದಲ್ಲಿ ಗುಂಡು ಹತ್ತಿರಹತ್ತಿರ ಒಂದು ಗೇಣು ಕೆಳಗೆ ಬೀಳುತ್ತದೆ. 150 ಗಜದೊಳಗಿನ ಕೋವಿ ಎಂದುಕೊಂಡರೆ ನಿಮಗೂ ಪ್ರಾಣಿಗೂ ಒಳ್ಳೆಯದು.

ಕೋವಿಯ ಮ್ಯಾಗಜಿನ್‌ಗೆ ತೋಟಾ ಹಾಕುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಎರಡೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಲಿವರನ್ನು ಅರ್ಧಕ್ಕೆ ಬಿಟ್ಟರೂ ಅದೇ ಗತಿ. ಕೊನೆಯವರೆಗೂ ಕೆಳಗೆ, ಕೊನೆಯವರೆಗೂ ಮೇಲೆ. ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ, ಆಮೇಲೆ ಲಿವರ್. ಸದ್ದು ಸಣ್ಣಗೆ 'ಟಪ್' ಎಂದಿದ್ದರೆ ಕೋವಿ ಖಾಲಿ ಮಾಡಿ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡುವವರೆಗೆ ಇನ್ನೊಂದು ತೋಟಾ ಮುಟ್ಟಬೇಡಿ.