ಶಾಶ್ವತ ಪೂಜೆಯ ಲೆಕ್ಕದಲ್ಲಿ ಒಂದು ಸಾಫ್ಟ್‌ವೇರ್

ಗದಗ ಜಿಲ್ಲೆಯ ಸ್ಟುಡಿಯೋ ಮಾಲೀಕರೊಬ್ಬರು ಕೆಲವು ವರ್ಷಗಳ ಹಿಂದೆ ಫೋಟೋಗ್ರಾಫರುಗಳ ನಮ್ಮ ಟೆಲಿಗ್ರಾಂ ಗುಂಪಿಗೆ ಒಂದು ಚಿತ್ರ ಹಾಕಿದರು. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆ. ಅದರ ತುಂಬ ನೀಲಿ ಶಾಯಿಯಲ್ಲಿ, ಮೂರು ಸಾಲುಗಳಾಗಿ ಮೇಲಿನಿಂದ ಕೆಳಗೆ ಬರೆದ ನಾಲ್ಕಂಕಿಯ ಸಂಖ್ಯೆಗಳು. ಮದುಮಗಳ ಅಜ್ಜ ಪೆನ್‌ಡ್ರೈವನ್ನು ಟಿ.ವಿ.ಗೆ ಚುಚ್ಚಿ, ಮೂರು ಸಂಜೆ ಕುಳಿತು, ಸುಮಾರು 4,000 ಫೋಟೋಗಳಲ್ಲಿ ಆಲ್ಬಮ್ಮಿಗೆ ಬೇಕಾದ 180ರ ನಂಬರುಗಳನ್ನು ಆರಿಸಿ ಬರೆದುಕೊಟ್ಟಿದ್ದರು. ಅವುಗಳಲ್ಲಿ 4187 ಎಂಬುದು 4817 ಆಗಿತ್ತು. ಆಲ್ಬಮ್ ಪ್ರಿಂಟಾಗಿ, ಬೈಂಡಿಂಗ್ ಮುಗಿದು ಮನೆಗೆ ತಲುಪಿದ ಮೇಲೆ ನೋಡಿದರೆ, ಧಾರೆ ಎರೆಯುವ ಫೋಟೋ ಇರಬೇಕಾದ ಪುಟದಲ್ಲಿ ಊಟದ ಪಂಕ್ತಿ ಕುಳಿತಿತ್ತು. ಮತ್ತೆ ಪ್ರಿಂಟ್ ಹಾಕಿಸಿದ ಖರ್ಚು ಸ್ಟುಡಿಯೋದವರ ತಲೆಗೇ ಬಂತು. ಆ ಚಿತ್ರದ ಕೆಳಗೆ ಒಂದು ಗಂಟೆಯೊಳಗೆ ನಲವತ್ತಕ್ಕೂ ಹೆಚ್ಚು ಜನ ತಮ್ಮ ತಮ್ಮ ಇಂಥದೇ ಅನುಭವಗಳನ್ನು ಬರೆದರು. ನಾನು ಇಂದು ಮಾರುತ್ತಿರುವ ಸಾಫ್ಟ್‌ವೇರ್ ಹುಟ್ಟಿದ್ದು ಆ ಹಾಳೆಯಿಂದ. ಗಿರಾಕಿ ತನ್ನ ಮೊಬೈಲಿನಲ್ಲಿ ಫೋಟೋ ನೋಡುತ್ತಾ ಬೇಕಾದುದರ ಮೇಲೆ ಬೆರಳೊತ್ತಿದರೆ ಸಾಕು, ಪಟ್ಟಿ ನೇರವಾಗಿ ಸ್ಟುಡಿಯೋಗೆ ಬರುತ್ತದೆ. ಅದು ಮಾಡುವುದು ಇಷ್ಟೇ ಕೆಲಸವನ್ನು.

ಇದನ್ನು ಆಜೀವ ಪರವಾನಗಿಯಾಗಿ, ಅಂದರೆ ಒಮ್ಮೆ ಹಣ ಕೊಟ್ಟರೆ ಮುಂದೆ ಎಂದೂ ಕೊಡಬೇಕಾಗಿಲ್ಲದಂತೆ, ಯಾವ ಮಧ್ಯವರ್ತಿ ತಾಣದ ನೆರವೂ ಇಲ್ಲದೆ ಸ್ಟುಡಿಯೋಗಳಿಗೆ ಮಾರಿದ ಬಗೆಯನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಸ್ವಂತವಾಗಿ ಸಾಫ್ಟ್‌ವೇರ್ ಕಟ್ಟುತ್ತಿರುವ ಕೆಲವು ಕಿರಿಯ ಸ್ನೇಹಿತರು ಈಚೆಗೆ ಇದನ್ನೇ ಕೇಳುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಗುಂಪಿಗೆ ಜನರನ್ನು ಬೇಗ ಸೇರಿಸುವುದು ಹೇಗೆ ಎಂಬುದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಗುಂಪು ಹುಟ್ಟಿದಾಗ ನನ್ನ ಕೈಯಲ್ಲಿ ಮಾರುವುದಕ್ಕೆ ಏನೂ ಇರಲಿಲ್ಲ. ಲ್ಯಾಬಿನಿಂದ ಬಂದ ಪ್ರಿಂಟಿನಲ್ಲಿ ಮುಖದ ಬಣ್ಣ ಹಳದಿಗೆ ತಿರುಗಿದರೆ ಏನು ಮಾಡಬೇಕು, ಮೆಮೊರಿ ಕಾರ್ಡು ಕೈಕೊಟ್ಟಾಗ ಫೋಟೋಗಳನ್ನು ಮರಳಿ ಪಡೆಯುವುದು ಹೇಗೆ, ಮುಂಗಡ ಕೊಟ್ಟು ಬಾಕಿ ಕೊಡದೆ ಆಲ್ಬಮ್ ಕೇಳುವ ಗಿರಾಕಿಗೆ ಏನೆಂದು ಹೇಳಬೇಕು, ಇಂಥ ಕಸುಬಿನ ಮಾತುಗಳಿಗಾಗಿಯೇ ಹುಬ್ಬಳ್ಳಿ, ಗದಗ, ಹಾವೇರಿ, ದಾವಣಗೆರೆ ಕಡೆಯ ಫೋಟೋಗ್ರಾಫರುಗಳು ಅಲ್ಲಿ ಸೇರಿದರು. ಕಂಪ್ಯೂಟರಿನ ಕೆಲಸ ಬಲ್ಲವನಾದ್ದರಿಂದ ಹಾರ್ಡ್ ಡಿಸ್ಕ್, ಬ್ಯಾಕಪ್, ಮಾನಿಟರಿನ ಬಣ್ಣ ಸರಿಪಡಿಸುವಿಕೆ, ಈ ವಿಷಯಗಳಿಗೆ ಉತ್ತರಿಸುವುದು ನನ್ನ ಪಾಲಿಗೆ ಬಂತು. ಜಾಹೀರಾತು ಹಾಕಿದವರನ್ನು ಮೊದಲ ಬಾರಿಗೆ ಎಚ್ಚರಿಸಿ, ಎರಡನೆಯ ಬಾರಿಗೆ ತೆಗೆದುಹಾಕುತ್ತಿದ್ದೆವು. ಹೀಗೆ ಎರಡು ವರ್ಷ ಕಳೆದ ಮೇಲೆ, ಯಾರ ಮಾತಿಗೆ ತೂಕವಿದೆ, ಯಾರು ವರ್ಷಕ್ಕೆ 15 ಮದುವೆ ಮಾಡುತ್ತಾರೆ, ಯಾರು 60 ಮಾಡುತ್ತಾರೆ ಎಂಬುದೆಲ್ಲ ನನಗೆ ಗೊತ್ತಾಗಿತ್ತು. ಕೇಳಿದ ಪ್ರಶ್ನೆಗೆ ನಾನು ರಾತ್ರಿಯೊಳಗೆ ಉತ್ತರಿಸುತ್ತೇನೆ ಎಂಬುದು ಅವರಿಗೂ ಗೊತ್ತಾಗಿತ್ತು. ಮಾರಾಟಕ್ಕೆ ನೆರವಾದದ್ದು ಈ ಎರಡು ತಿಳಿವಳಿಕೆಗಳೇ ಹೊರತು ಗುಂಪಿನ ಸದಸ್ಯರ ಸಂಖ್ಯೆಯಲ್ಲ.

ತಿಂಗಳ ಚಂದಾ ಯಾಕೆ ಬೇಡವೆನಿಸಿತು ಎಂಬುದಕ್ಕೆ ಕಾರಣ ಈ ಕಸುಬಿನಲ್ಲೇ ಇದೆ. ಸ್ಟುಡಿಯೋದವರ ಆದಾಯ ಪಂಚಾಂಗವನ್ನು ಅನುಸರಿಸುತ್ತದೆ. ವೈಶಾಖ, ಜ್ಯೇಷ್ಠಗಳಲ್ಲಿ ನಿದ್ದೆಗೂ ಬಿಡುವಿರುವುದಿಲ್ಲ, ಆಷಾಢದಲ್ಲಿ ಮುಹೂರ್ತಗಳಿಲ್ಲದೆ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ, ಧನುರ್ಮಾಸವೂ ಹಾಗೆಯೇ. ಹಣ ಬಂದಾಗ ಒಟ್ಟಿಗೆ ಬರುತ್ತದೆ, ಇಲ್ಲದಾಗ ಇಲ್ಲ. ಇಂಥವರಿಗೆ ಪ್ರತಿ ತಿಂಗಳ 5ನೆಯ ತಾರೀಖಿಗೆ ಕಟ್ಟಬೇಕಾದ ಇನ್ನೊಂದು ಕಂತು ಎಂದರೆ ಇನ್ನೊಂದು ಚಿಂತೆ. ಅದಲ್ಲದೆ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳ ಮೇಲೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ, ವಿದೇಶಿ ಸೇವೆಗಳ ಚಂದಾ ಕಟ್ಟುತ್ತಿದ್ದ ನಮ್ಮ ಗುಂಪಿನ ಅನೇಕರ ಪಾವತಿಗಳು ಒಂದರ ಹಿಂದೆ ಒಂದು ವಿಫಲವಾದವು. ಒಟಿಪಿ ಇಲ್ಲದೆ ಕಡಿತವಾಗಬಹುದಾದ ಮಿತಿ ಆಗ 5,000 ರೂಪಾಯಿ ಇತ್ತು. 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿದರು. ಅಷ್ಟರಲ್ಲಿ ನಮ್ಮವರ ಮನಸ್ಸಿನಲ್ಲಿ ಚಂದಾ ಎಂದರೆ ನಡುವೆ ನಿಂತುಹೋಗುವ ವಸ್ತು ಎಂಬ ಭಾವನೆ ಬೇರೂರಿತ್ತು. ಅದಕ್ಕಿಂತ ಹಳೆಯ ಇನ್ನೊಂದು ನೋವೂ ಇತ್ತು. ಇನ್ನು ಮುಂದಿನ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿ 2013ರ ಮೇ ತಿಂಗಳಲ್ಲಿ ಘೋಷಿಸಿದ್ದನ್ನು ಫೋಟೋಗ್ರಾಫರುಗಳು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಕೊಂಡದ್ದು ತನ್ನದಾಗಿಯೇ ಉಳಿಯಬೇಕೆಂಬ ಅವರ ಆಸೆಯನ್ನು ನಾನು ಗೌರವಿಸುತ್ತೇನೆ.

ಆದರೆ ಆ ಆಸೆಗೆ ಬೆಲೆ ಕಟ್ಟುವುದು ಸುಲಭವಾಗಿರಲಿಲ್ಲ. ಈ ಒಂದು ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಆಜೀವ ಪರವಾನಗಿ ಮಾರಿದ ಬಹಳಷ್ಟು ಜನ ಎಡವುವುದು ಇಲ್ಲಿಯೇ.

ನನ್ನ ಮೊದಲ ಲೆಕ್ಕ ಹೀಗಿತ್ತು. ಒಂದು ಮದುವೆಯ 4,000 ಫೋಟೋಗಳನ್ನು ಆಯ್ಕೆಗೆ ಸಾಕಾಗುವಷ್ಟು ಚಿಕ್ಕದಾಗಿಸಿ, ಒಂದೊಂದು 300 ಕಿಲೋಬೈಟಿನಂತೆ ಇಟ್ಟರೆ 1.2 ಗಿಗಾಬೈಟ್ ಆಗುತ್ತದೆ. ವರ್ಷಕ್ಕೆ 40 ಮದುವೆ ಮಾಡುವ ಸ್ಟುಡಿಯೋಗೆ 48 ಗಿಗಾಬೈಟ್. ಸರ್ವರಿನಲ್ಲಿ ಜಾಗದ ಬಾಡಿಗೆ ಟೆರಾಬೈಟಿಗೆ, ಅಂದರೆ 1,000 ಗಿಗಾಬೈಟಿಗೆ, ತಿಂಗಳಿಗೆ 6 ಡಾಲರ್, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಮೊದಲ ವರ್ಷದ ಸಂಗ್ರಹಕ್ಕೆ 294 ರೂಪಾಯಿ. ಇದನ್ನು ನೋಡಿ ನಿರಾಳನಾಗಿದ್ದೆ. ಆದರೆ ಹಳೆಯ ಫೋಟೋಗಳು ಎಲ್ಲಿಗೂ ಹೋಗುವುದಿಲ್ಲ. ಎರಡನೆಯ ವರ್ಷ ಅದರ ಎರಡರಷ್ಟು, ಮೂರನೆಯ ವರ್ಷ ಮೂರರಷ್ಟು. ನಾನು ಇಡಬೇಕೆಂದಿದ್ದ ಬೆಲೆ 7,500 ರೂಪಾಯಿ. ಅದರಲ್ಲಿ ಶೇಕಡಾ 18ರ ಜಿ.ಎಸ್.ಟಿ. ಕಳೆದರೆ 6,356. ಪಾವತಿ ಸೇವೆಯವರ ಶೇಕಡಾ 2ರ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಕಳೆದರೆ 6,179. ವರ್ಷದಿಂದ ವರ್ಷಕ್ಕೆ ಬೆಳೆಯುವ ಆ ಖರ್ಚನ್ನು ಕೂಡಿಸುತ್ತಾ ಹೋದಾಗ ಆರನೆಯ ವರ್ಷದ ಕೊನೆಗೆ ಮೊತ್ತ 6,169 ರೂಪಾಯಿ ಆಯಿತು. ಹತ್ತು ರೂಪಾಯಿ ಉಳಿಯಿತು. ನನ್ನ ದುಡಿಮೆಗೆ, ಕರೆಂಟಿಗೆ, ಮನೆಗೆ ಒಂದು ಪೈಸೆಯನ್ನೂ ಹಿಡಿಯದೆ. ಏಳನೆಯ ವರ್ಷದಿಂದ ಪ್ರತಿಯೊಬ್ಬ ಗಿರಾಕಿಯೂ ನಷ್ಟವೇ.

ಆ ರಾತ್ರಿ ಲೆಕ್ಕದ ಹಾಳೆಯನ್ನು ಮುಚ್ಚಿಟ್ಟು ಕುಳಿತಾಗ ನೆನಪಾದದ್ದು ನಮ್ಮೂರಿನ ದೇವಸ್ಥಾನದ ಗೋಡೆಯ ಮೇಲಿರುವ ಶಾಶ್ವತ ಪೂಜೆಯ ಫಲಕ. ಭಕ್ತರು ಒಮ್ಮೆ ಒಂದು ಮೊತ್ತ ಕೊಡುತ್ತಾರೆ, ಅವರು ಹೇಳಿದ ತಿಥಿಯಂದು ಪ್ರತಿವರ್ಷ ಅವರ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ದೇವಸ್ಥಾನದವರು ಆ ಮೊತ್ತವನ್ನು ಮುಟ್ಟುವುದಿಲ್ಲ. ಬ್ಯಾಂಕಿನಲ್ಲಿಟ್ಟು, ಬಂದ ಬಡ್ಡಿಯಲ್ಲಿ ಹೂವು, ಎಣ್ಣೆ, ಪ್ರಸಾದದ ಖರ್ಚು ತೂಗಿಸುತ್ತಾರೆ. ನಮ್ಮ ಪತ್ರಿಕೆಗಳ ಆಜೀವ ಚಂದಾ, ಸಂಘ ಸಂಸ್ಥೆಗಳ ಆಜೀವ ಸದಸ್ಯತ್ವ, ಇವುಗಳ ಹಿಂದೆಯೂ ಇರಬೇಕಾದದ್ದು ಇದೇ ಲೆಕ್ಕ. ಮೂಲಧನ ಬೇರೆ, ಬಡ್ಡಿ ಬೇರೆ. ಬಂದ ಹಣವನ್ನೆಲ್ಲ ಈ ವರ್ಷದ ಆದಾಯವೆಂದು ಖರ್ಚು ಮಾಡಿದವನು ಮುಂದಿನ ವರ್ಷ ಹೊಸ ಭಕ್ತರು ಸಿಗದಿದ್ದರೆ ಹಳಬರ ಪೂಜೆಯನ್ನು ನಿಲ್ಲಿಸಬೇಕಾಗುತ್ತದೆ.

ಆದ್ದರಿಂದ ಎರಡು ಬದಲಾವಣೆ ಮಾಡಿದೆ. ಆಯ್ಕೆ ಮುಗಿದ ಮದುವೆಯ ಫೋಟೋಗಳು 90 ದಿನದ ಬಳಿಕ ಅಳಿಸಿಹೋಗಬೇಕು. ಗುಂಪಿನಲ್ಲಿ ಇದನ್ನು ಮುಂದಿಟ್ಟಾಗ ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ಮೂಲ ಫೋಟೋಗಳು ಅವರ ಹಾರ್ಡ್ ಡಿಸ್ಕಿನಲ್ಲಿ ಇದ್ದೇ ಇರುತ್ತವೆ. ಅವರಿಗೆ ಬೇಕಾದದ್ದು ಆಯ್ಕೆಯ ಪಟ್ಟಿ ಮಾತ್ರ, ಅದಕ್ಕೆ ಕೆಲವು ಕಿಲೋಬೈಟ್ ಸಾಕು. ಹೀಗೆ ಮಾಡಿದಾಗ ಸೀಸನ್ನಿನ ತುತ್ತತುದಿಯಲ್ಲೂ ಒಂದು ಸ್ಟುಡಿಯೋದ್ದು 24 ಗಿಗಾಬೈಟ್ ದಾಟುವುದಿಲ್ಲ, ವರ್ಷಪೂರ್ತಿ ಅಷ್ಟೇ ಇದ್ದರೂ 147 ರೂಪಾಯಿ. ಎರಡನೆಯದು, 150 ಪರವಾನಗಿಗಳಿಗೆ ನಿಲ್ಲಿಸುವುದು. 150 ಪರವಾನಗಿಗಳ ಸಂಗ್ರಹಕ್ಕೆ ವರ್ಷಕ್ಕೆ ಹೆಚ್ಚೆಂದರೆ 22,050 ರೂಪಾಯಿ. ಶೇಕಡಾ 7ರ ಬಡ್ಡಿಯಲ್ಲಿ 3,25,000 ರೂಪಾಯಿಯ ಠೇವಣಿ ಅಷ್ಟನ್ನು ಕೊಡುತ್ತದೆ. ಒಟ್ಟು ಮಾರಾಟ 11,25,000. ಅದರಲ್ಲಿ ಮೊದಲು ತೆರಿಗೆಯನ್ನು, ಅದರ ಬೆನ್ನಿಗೇ ಈ ಠೇವಣಿಯನ್ನು ಬೇರೆ ಇಟ್ಟು, ಉಳಿದದ್ದನ್ನು ಮಾತ್ರ ನನ್ನದೆಂದು ತಿಳಿದೆ. ಬಡ್ಡಿ ದರ ಇಳಿಯಬಹುದು, ಡಾಲರ್ ಏರಬಹುದು ಎಂಬುದಕ್ಕಾಗಿ ವರ್ಷಕ್ಕೊಮ್ಮೆ ಯುಗಾದಿಯ ಹೊತ್ತಿಗೆ ಲೆಕ್ಕ ನೋಡಿ ಠೇವಣಿಗೆ ಸ್ವಲ್ಪ ಸೇರಿಸುತ್ತೇನೆ.

ಆಜೀವ ಮಾರಾಟದಲ್ಲಿ ಸರಾಸರಿಯನ್ನು ನಂಬಬಾರದು ಎಂಬುದಕ್ಕೆ ಅಮೆರಿಕನ್ ಏರ್‌ಲೈನ್ಸಿನ ಕಥೆ ದೊಡ್ಡ ಸಾಕ್ಷಿ. 1981ರಲ್ಲಿ ಅದು 2,50,000 ಡಾಲರಿಗೆ ಜೀವನಪೂರ್ತಿ ಮೊದಲ ದರ್ಜೆಯಲ್ಲಿ ಎಷ್ಟು ಬಾರಿಯಾದರೂ ಹಾರುವ ಪಾಸನ್ನು ಮಾರಿತು. ಅದನ್ನು ಕೊಂಡವರಲ್ಲಿ ಕೆಲವರು ನಿಜಕ್ಕೂ ಎಡೆಬಿಡದೆ ಹಾರಿದರು. 1994ರಲ್ಲಿ ಕಂಪನಿ ಆ ಮಾರಾಟವನ್ನು ನಿಲ್ಲಿಸಿತು, ಮುಂದೆ ಅತಿ ಹೆಚ್ಚು ಹಾರುತ್ತಿದ್ದ ಕೆಲವರ ಪಾಸುಗಳನ್ನು ರದ್ದುಗೊಳಿಸಿ ನ್ಯಾಯಾಲಯದ ಮೆಟ್ಟಿಲೂ ಹತ್ತಬೇಕಾಯಿತು. ಜೀವನಪೂರ್ತಿಯ ಪಾಸು ಕೊಳ್ಳಲು ಮುಂದೆ ಬರುವವನು ಅದನ್ನು ಎಲ್ಲರಿಗಿಂತ ಹೆಚ್ಚು ಬಳಸುವವನೇ ಆಗಿರುತ್ತಾನೆ. ಆದ್ದರಿಂದಲೇ ಕೊಳ್ಳುವವರ ಪರಿಚಯ ಮೊದಲೇ ಇರುವುದು ಅಷ್ಟೊಂದು ಮುಖ್ಯವಾಗುತ್ತದೆ. ವರ್ಷಕ್ಕೆ 60 ಮದುವೆ ಮಾಡುವ ಏಳು ಸ್ಟುಡಿಯೋಗಳು ನಮ್ಮಲ್ಲಿವೆ. ಅವರೊಂದಿಗೆ ಮೊದಲೇ ಮಾತನಾಡಿ, ಎರಡು ಪರವಾನಗಿ ಕೊಳ್ಳುವಂತೆ ಕೇಳಿಕೊಂಡೆ, ಏಳೂ ಜನ ಒಪ್ಪಿದರು.

ಇಂಥ ಮಾರಾಟಕ್ಕೆಂದೇ ಇರುವ ತಾಣಗಳಿವೆ. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ್ಯಪ್‌ಸುಮೋ ಅವುಗಳಲ್ಲಿ ಹೆಸರಾದದ್ದು; 60 ದಿನಗಳ ಒಳಗೆ ಹಣ ವಾಪಸ್ಸು ಕೊಡುವ ಅದರ ಪದ್ಧತಿಯನ್ನು ನಾನೂ ಅಳವಡಿಸಿಕೊಂಡಿದ್ದೇನೆ. ಆದರೆ ಈ ಮೊದಲು ಬೇರೊಂದು ಸಣ್ಣ ಸಾಫ್ಟ್‌ವೇರನ್ನು ಇನ್ನೊಂದು ತಾಣದ ಮೂಲಕ ಮಾರಿದ್ದ ಅನುಭವದಿಂದ ಹೇಳುವುದಾದರೆ, ಅಲ್ಲಿ ಕೊಂಡವರ ಮೊಬೈಲ್ ಸಂಖ್ಯೆಯಾಗಲಿ ಕಸುಬಾಗಲಿ ನನಗೆ ತಿಳಿಯಲಿಲ್ಲ, ಬೆಲೆಯ ದೊಡ್ಡ ಪಾಲು ತಾಣಕ್ಕೇ ಹೋಯಿತು, ಮತ್ತು ಮಾರಾಟವನ್ನು ನಿಲ್ಲಿಸಬೇಕೆನಿಸಿದ ದಿನ ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿರಲಿಲ್ಲ. ಕೊಂಡವರಲ್ಲಿ ಅನೇಕರು ಒಮ್ಮೆಯೂ ಒಳಗೆ ಕಾಲಿಡಲಿಲ್ಲ. ಸ್ವತಂತ್ರವಾಗಿ ಮಾರಿದಾಗ ಜನ ಕಡಿಮೆ, ಆದರೆ 150 ಎಂದ ಮೇಲೆ 150ಕ್ಕೇ ನಿಲ್ಲಿಸಬಹುದು.

ಮಾರಾಟಕ್ಕೆ ಆಷಾಢವನ್ನೇ ಆರಿಸಿಕೊಂಡೆ. ಹಿಂದಿನ ಸೀಸನ್ನಿನ ಬಾಕಿ ಅಷ್ಟರಲ್ಲಿ ಕೈಸೇರಿರುತ್ತದೆ, ಹೊಸದನ್ನು ಕಲಿಯಲು ಬಿಡುವೂ ಇರುತ್ತದೆ. ದಿನಕ್ಕೆ ಹದಿನೈದು ಪರವಾನಗಿಯಂತೆ ಹತ್ತು ದಿನ ಕೊಟ್ಟೆ, ಪ್ರತಿಯೊಬ್ಬರಿಗೂ ಫೋನಿನಲ್ಲಿ ಜೊತೆಯಾಗಿ ಕುಳಿತು ಅವರ ಹಳೆಯ ಮದುವೆಯೊಂದನ್ನು ಏರಿಸಿ ತೋರಿಸಿದೆ. ಗಡಿಯಾರ ಓಡಿಸಿ ಅವಸರ ಮಾಡಿಸುವ ಪದ್ಧತಿ ನನಗೆ ಹಿಡಿಸದು. ನಾಳೆಯೂ ಮುಖ ನೋಡಬೇಕಾದವರೊಂದಿಗೆ ಹಾಗೆ ಮಾಡಲಾಗುವುದಿಲ್ಲ.

ಮೂರನೆಯ ದಿನ ರಾಣೆಬೆನ್ನೂರಿನ ಹಿರಿಯ ಫೋಟೋಗ್ರಾಫರೊಬ್ಬರು ಗುಂಪಿನಲ್ಲಿ ಎಲ್ಲರ ಮುಂದೆ ಕೇಳಿದರು: “ಸರ್ರ, ಜೀವಮಾನ ಅಂದ್ರ ಯಾರ ಜೀವಮಾನ್ರಿ? ನಾಳೆ ನೀವು ಬಿಟ್ಟು ಹ್ವಾದ್ರ ನಮ್ಮ ಗತಿ ಏನ್ರಿ?” ಆ ಪ್ರಶ್ನೆಗೆ ನಾನು ಮೊದಲೇ ಉತ್ತರ ಬರೆದಿಡಬೇಕಾಗಿತ್ತು, ಬರೆದಿರಲಿಲ್ಲ. ಆ ದಿನದ ಮಾರಾಟ ನಿಲ್ಲಿಸಿ, ಸಂಜೆಯವರೆಗೆ ಕುಳಿತು ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದೆ. ಜೀವಮಾನವೆಂದರೆ ಈ ಸಾಫ್ಟ್‌ವೇರಿನ ಜೀವಮಾನ; ನಾನು ನಿಲ್ಲಿಸುವುದಾದರೆ ಒಂದು ವರ್ಷ ಮೊದಲು ತಿಳಿಸುತ್ತೇನೆ; ಐದು ವರ್ಷದೊಳಗೆ ನಿಂತರೆ ಉಳಿದ ವರ್ಷಗಳ ಪಾಲನ್ನು ಹಿಂದಿರುಗಿಸುತ್ತೇನೆ; ನಿಲ್ಲಿಸಿದ ದಿನ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಆವೃತ್ತಿಯೊಂದನ್ನು ಕೊಡುತ್ತೇನೆ; ಈಗಿರುವ ಎಲ್ಲ ಅನುಕೂಲಗಳೂ ಇದರಲ್ಲಿ ಸೇರಿವೆ, ಮುಂದೆ ವೀಡಿಯೊ ಆಯ್ಕೆಯಂಥ ದೊಡ್ಡ ಹೊಸ ವಿಭಾಗ ಬಂದರೆ ಅದಕ್ಕೆ ಬೇರೆ ಬೆಲೆ. ಈ ಕೊನೆಯ ಮಾತಿಗೆ ನಾನು ಉದಾಹರಣೆ ಕೊಟ್ಟದ್ದು ಬೆಂಗಳೂರಿನ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನದ್ದು. ಅದರ ಪರವಾನಗಿಯನ್ನು ಒಮ್ಮೆ ಕೊಂಡರೆ ಸದಾಕಾಲ ಬಳಸಬಹುದು, ಹೊಸ ಆವೃತ್ತಿಗಳು ಬೇಕೆಂದರೆ ಟಿ.ಎಸ್.ಎಸ್. ಎಂಬ ಅದರ ಸೇವಾ ಚಂದಾವನ್ನು ನವೀಕರಿಸಬೇಕು, ಅಂಗಡಿ ಲೆಕ್ಕ ಬಲ್ಲ ಎಲ್ಲರಿಗೂ ಇದು ಪರಿಚಿತ. ಆಗಲೇ ಕೊಂಡಿದ್ದ 30 ಜನರಿಗೂ ಆ ಪುಟವನ್ನು ಕಳುಹಿಸಿ, ಒಪ್ಪಿಗೆಯಾಗದಿದ್ದರೆ ಹಣ ವಾಪಸ್ಸು ಪಡೆಯಬಹುದೆಂದೆ. ಇಬ್ಬರು ಪಡೆದರು. ರಾಣೆಬೆನ್ನೂರಿನ ಹಿರಿಯರು ಮರುದಿನ ಬೆಳಿಗ್ಗೆ ಯು.ಪಿ.ಐ. ಮೂಲಕ 7,500 ರೂಪಾಯಿ ಕಳುಹಿಸಿ, “ಈಗ ಛಲೋ ಆತು” ಎಂದು ಬರೆದರು.

ಈಗ ಹೊಸದಾಗಿ ಸೇರುವ ಸ್ಟುಡಿಯೋಗಳು ವರ್ಷದ ಚಂದಾ ಕೊಡುತ್ತವೆ. ಆಜೀವ ಪರವಾನಗಿ ಬೇಕೆಂದು ಕೇಳುವವರಿಗೆ ಆಗುವುದಿಲ್ಲವೆಂದೇ ಹೇಳುತ್ತೇನೆ. ಕಳೆದ ಮಾಘದಲ್ಲಿ ಒಂದು ಭಾನುವಾರ ಸರ್ವರ್ ನಾಲ್ಕು ಗಂಟೆ ನಿಂತಾಗ ನನಗಿಂತ ಮೊದಲೇ ಅದನ್ನು ಗಮನಿಸಿ ಎಬ್ಬಿಸಿದವರು, ಹೊಸಬರಿಗೆ ಫೋನಿನಲ್ಲಿ ಸಮಾಧಾನ ಹೇಳಿದವರು, ಆ ಮೊದಲ ಗುಂಪಿನವರೇ. ಗದಗದ ಆ ನೋಟ್‌ಬುಕ್ ಹಾಳೆಯನ್ನು ಅದರ ಮಾಲೀಕರು ನನಗೆ ಕೊಟ್ಟಿದ್ದಾರೆ. ಠೇವಣಿಯ ರಸೀದಿಯ ಜೊತೆ ಅದನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ.