ಉಜ್ಜಿದ ಸೇವಂತಿಗೆಯನ್ನು ಹಾಗೆಯೇ ಬಿಡಬೇಕು

ಹಳೆಯ ಜಪಾನಿ ಸೇನಾ ಬಂದೂಕುಗಳನ್ನು ಸಂಗ್ರಹಿಸುವವರ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ. ನಳಿಗೆಯ ಬುಡದ ಉಕ್ಕಿನ ಮೇಲೆ ಕೆತ್ತಿದ್ದ ಹದಿನಾರು ಎಸಳಿನ ಸೇವಂತಿಗೆಯನ್ನು, ಅಂದರೆ ಜಪಾನಿನ ಚಕ್ರವರ್ತಿಯ ಮುದ್ರೆಯನ್ನು, ಯಾರೋ ಉಜ್ಜಿ ಅಳಿಸಿದ್ದರೆ ಅದನ್ನು ಮತ್ತೆ ಕೆತ್ತಿಸಬಹುದೇ? ಖಂಡಿತ ಕೂಡದು ಎಂಬುದು ನನ್ನ ಅಭಿಪ್ರಾಯ.

ಧಾರವಾಡದಲ್ಲಿ ಕುಳಿತು ಈ ಹವ್ಯಾಸ ನಡೆಸುವುದು ಸುಲಭವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಗುಂಡು ಹಾರಿಸಬಲ್ಲ ಇಂಥ ಬಂದೂಕಿಗೆ ಪರವಾನಗಿ ಬೇಕು, ಮತ್ತು 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಬಂದೂಕುಗಳು ಅಮೆರಿಕದಲ್ಲಿ ನೆಲೆಸಿರುವ ನನ್ನ ದೊಡ್ಡಪ್ಪನ ಮಗನ ಬಳಿ ಇವೆ. ಅವುಗಳ ದಾಖಲೆ ಪುಸ್ತಕ ನನ್ನ ಬಳಿ ಇದೆ. ಅಣ್ಣ ಹೊಸದೊಂದನ್ನು ಕೊಂಡಾಗಲೆಲ್ಲ ಪ್ರತಿಯೊಂದು ಗುರುತಿನ ಛಾಯಾಚಿತ್ರ ಕಳುಹಿಸುತ್ತಾನೆ, ನಾನು ಅವನ್ನು ಓದಿ ಬರೆದಿಡುತ್ತೇನೆ. ಈಚೆಗೆ 38ನೇ ಮಾದರಿಯ ಬಂದೂಕೊಂದು ಸಿಕ್ಕಿದಾಗ ಅವನೇ ಫೋನ್ ಮಾಡಿದ. "ಬಂದೂಕೇನೋ ಛಲೋ ಅದ, ಆದ್ರ ಹೂವು ಉಜ್ಜಿ ತಗದಾರ ನೋಡು. ಇಲ್ಲೊಬ್ಬ ಮತ್ತ ಕೆತ್ತಿ ಕೊಡ್ತೇನಂತಾನ, ಕೆತ್ತಸಲೇನು?" "ಬ್ಯಾಡಣ್ಣಾ, ಹಂಗ ಇರ್ಲಿ" ಎಂದೆ.

ಯುದ್ಧಭೂಮಿಯಲ್ಲಿಯೇ ವಶವಾದ ಬಂದೂಕುಗಳಲ್ಲಿ ಈ ಮುದ್ರೆ ಬಹುಮಟ್ಟಿಗೆ ಅಳಿಯದೆ ಉಳಿದಿರುತ್ತದೆ; 1945ರ ಶರಣಾಗತಿಯ ನಂತರ ರಾಶಿ ರಾಶಿಯಾಗಿ ಒಪ್ಪಿಸಿದವುಗಳಲ್ಲಿ ಅದನ್ನು ಉಜ್ಜಿ ಹಾಕಿರುವುದೇ ಹೆಚ್ಚು. ಸೇನೆಯಿಂದ ಶಾಲೆಗಳ ಕವಾಯತಿಗೆ ಹೋದವುಗಳಲ್ಲಿಯೂ ಮುದ್ರೆಯನ್ನು ರದ್ದುಪಡಿಸಿದ ಗುರುತು ಕಾಣುವುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು, ಆದರೂ ಬಂದೂಕು ಯಾವ ದಾರಿಯಿಂದ ಬಂದಿತೆಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಬೇರೆಲ್ಲೂ ಸಿಗುವುದು ಕಡಿಮೆ. ಅಣ್ಣನ ಬಂದೂಕಿನಲ್ಲಿ ಅರದ ಗೀರುಗಳು ಒಂದೇ ದಿಕ್ಕಿಗೆ ಓರೆಯಾಗಿ ಹರಿದಿವೆ. ಬಲ ಅಂಚಿನಲ್ಲಿ ಎರಡು ಎಸಳುಗಳ ತುದಿ ಇನ್ನೂ ಉಳಿದಿದೆ. ಕೆಳಗಿನ 'ಮೂರು, ಎಂಟು, ಮಾದರಿ' ಎಂಬ ಮೂರು ಲಿಪಿಚಿಹ್ನೆಗಳನ್ನು ಅರ ಮುಟ್ಟಿಲ್ಲ. ಅಲ್ಲಿ ಹೊಸ ಹೂವು ಕೆತ್ತಿಸಿದರೆ ನಡೆದದ್ದನ್ನು ಅಳಿಸಿ, ನಡೆಯದ್ದನ್ನು ಬರೆದಂತಾಗುತ್ತದೆ.

38 ಎಂದರೆ ಮೇಜಿ ಚಕ್ರವರ್ತಿಯ ಆಳ್ವಿಕೆಯ 38ನೇ ವರ್ಷ, ಅಂದರೆ 1905. ಅರಿಸಾಕಾ ನಾರಿಯಾಕಿರಾ ಅವರ ಮೇಲ್ವಿಚಾರಣೆಯಲ್ಲಿ 1897ರಲ್ಲಿ ಸಿದ್ಧವಾದ 30ನೇ ಮಾದರಿಯನ್ನು ನಂಬು ಕಿಜಿರೋ ಸುಧಾರಿಸಿ ಇದನ್ನು ರೂಪಿಸಿದರು. 6.5 ಮಿಲಿಮೀಟರ್ ಗುಂಡಿನ ಈ ಬಂದೂಕು ಸುಮಾರು 1.28 ಮೀಟರ್ ಉದ್ದ, ನಾಲ್ಕು ಕಿಲೋ ತೂಕದ್ದು. ಇದರ ಎಡಬದಿಯನ್ನು ಓದುವುದೇ ನನಗೆ ಬಹಳ ಇಷ್ಟದ ಕೆಲಸ. ಕ್ರಮಸಂಖ್ಯೆ 99,999 ತಲುಪಿದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದುದರಿಂದ, ಯಾವ ಸುತ್ತಿನದೆಂದು ತಿಳಿಯಲು ಸಂಖ್ಯೆಯ ಮುಂದೆ ವೃತ್ತದೊಳಗೆ ಜಪಾನಿ ಅಕ್ಷರಗಳ ಹಳೆಯ 'ಇ, ರೋ, ಹಾ' ಕ್ರಮದ ಒಂದು ಅಕ್ಷರವನ್ನು ಒತ್ತುವ ಪದ್ಧತಿ ಮುಂದೆ ಬಂದಿತು. ಪಕ್ಕದಲ್ಲಿ ಕಾರ್ಖಾನೆಯ ಚಿಹ್ನೆ ಇರುತ್ತದೆ. ಟೋಕಿಯೊದ ಕೊಯಿಶಿಕಾವಾ ಕಾರ್ಖಾನೆಯದು ಪೇರಿಸಿಟ್ಟ ಫಿರಂಗಿ ಗುಂಡುಗಳಂತಹ ವೃತ್ತಗಳು. 1923ರ ಮಹಾ ಭೂಕಂಪದ ತರುವಾಯ ಬಂದೂಕು ತಯಾರಿಕೆ ಕೊಕುರಾಕ್ಕೆ ಸ್ಥಳಾಂತರಗೊಂಡ ಮೇಲೆಯೂ ಅದೇ ಚಿಹ್ನೆ ಮುಂದುವರಿಯಿತು. ನಳಿಗೆಯ ಹಿಂಬಾಯಿಯನ್ನು ಮುಚ್ಚಿ ತೆರೆಯುವ ಬೋಲ್ಟಿನ ಬಿಡಿಭಾಗಗಳ ಮೇಲೆ ಕ್ರಮಸಂಖ್ಯೆಯ ಕೊನೆಯ ಮೂರು ಅಂಕಿಗಳಿರುತ್ತವೆ. ಅವು ತಾಳೆಯಾಗದಿದ್ದರೆ ಬೆಲೆ ಇಳಿಯುತ್ತದೆ, ನಿಜ. ಹಾಗೆಂದು ಹಳೆಯ ಅಂಕಿಯನ್ನು ಕೆರೆದು ಹೊಸದನ್ನು ಒತ್ತಿಸುವುದು ಮೋಸವೇ.

ಮರದ ವಿಷಯದಲ್ಲಿ ಇನ್ನೂ ಹೆಚ್ಚಿನ ಹಾನಿಯಾಗುತ್ತದೆ. ಭುಜಕ್ಕೆ ಆನಿಸುವ ಹಿಂಭಾಗವನ್ನು ಜಪಾನೀಯರು ಎರಡು ತುಂಡುಗಳಿಂದ ಜೋಡಿಸುತ್ತಿದ್ದರು. ದಪ್ಪ ಮರದ ಉಳಿತಾಯಕ್ಕೂ ಬಲಕ್ಕೂ ಅದು ಒಳ್ಳೆಯ ಉಪಾಯ. ಕಾಲಾಂತರದಲ್ಲಿ ಮರ ಒಣಗಿದಾಗ ಆ ಜೋಡಣೆಯ ಗೆರೆ ಬಾಯ್ಬಿಡುತ್ತದೆ. ಅದನ್ನು ಬಿರುಕೆಂದು ತಿಳಿದು ಲಪ್ಪ ತುಂಬಿ, ಮರಳು ಕಾಗದದಿಂದ ಉಜ್ಜಿ, ವಾರ್ನಿಶ್ ಬಳಿದ ಬಂದೂಕುಗಳ ಚಿತ್ರಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ಮರದ ಹಾಲಿನಿಂದ ಮಾಡಿದ ಉರುಶಿ ಎಂಬ ಮೂಲ ಲೇಪವು ಒಮ್ಮೆ ಹೋದರೆ ಹೋಯಿತು. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಉಕ್ಕಿಗೆ ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಇಷ್ಟು ದೂರದ ದೇಶದ ಬಂದೂಕಿನ ಗೊಡವೆ ನಿಮಗೇಕೆ ಎಂದು ಇಲ್ಲಿ ಕೇಳುವವರುಂಟು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್ಫಂಟ್ರಿಯ ನಾಲ್ಕನೇ ಬೆಟಾಲಿಯನ್ 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನಿ ಸೇನೆಯನ್ನು ಎದುರಿಸಿ ಹೋರಾಡಿತು. ನಮ್ಮ ಪಕ್ಕದ ಊರಿನ ಪಲ್ಟನ್ನಿನ ಎದುರು ನಿಂತಿದ್ದ ಸೇನೆಯ ಆಯುಧವನ್ನು ಅರಿಯುವುದು ಆ ಹೋರಾಟವನ್ನು ಅರಿಯುವುದರ ಒಂದು ಭಾಗ ಎಂದೇ ನಾನು ಭಾವಿಸಿದ್ದೇನೆ.

ಅಣ್ಣ ಈಗ 1939ರಲ್ಲಿ ಬಂದ, 7.7 ಮಿಲಿಮೀಟರಿನ 99ನೇ ಮಾದರಿಯನ್ನು ಹುಡುಕುತ್ತಿದ್ದಾನೆ. ಮೊದಮೊದಲಿನವುಗಳಲ್ಲಿ ನಳಿಗೆಯ ಒಳಗೆ ಕ್ರೋಮ್ ಲೇಪವೂ, ವಿಮಾನಕ್ಕೆ ಗುರಿಯಿಡಲು ಮಡಚುವ ರೆಕ್ಕೆಗಳೂ, ತಂತಿಯ ಒಂಟಿ ಊರುಗಾಲೂ ಇದ್ದವು. ಸಂಗ್ರಹಕಾರರು ಅವುಗಳಿಗೇ ಮುಗಿಬೀಳುತ್ತಾರೆ. ನಾನು ಅವನಿಗೆ ಸೂಚಿಸಿರುವುದು 1945ರ ಒರಟು ಬಂದೂಕನ್ನು: ಲೋಹ ಸಾಲದೆ ಹಿಂಬದಿಗೆ ಮರದ ಹಲಗೆಯನ್ನೇ ಬಡಿದು, ದೂರಕ್ಕೆ ತಕ್ಕಂತೆ ಹೊಂದಿಸಲಾಗದ ಒಂದೇ ತೂತಿನ ಗುರಿಕಣ್ಣು ಕೂರಿಸಿ, ಉಕ್ಕಿನ ಮೇಲೆ ಯಂತ್ರದ ಗೀರುಗಳನ್ನು ಹಾಗೆಯೇ ಬಿಟ್ಟು ಕಳುಹಿಸಿದ್ದನ್ನು. ಅಂಥದ್ದು ಸಿಕ್ಕರೆ ಆ ಗೀರುಗಳನ್ನು ಯಾರೂ ನುಣುಪು ಮಾಡಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಲು ಹೇಳಿದ್ದೇನೆ.